ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯು ಭಾರತದ ಒಂದು ಕೇಂದ್ರ ಕಾನೂನು. ಈ ಸಮುದಾಯಗಳ ಜನರ ಮೇಲೆ ಇತರರು ನಡೆಸುವ ಹಿಂಸೆ, ಅವಮಾನ, ಸುಲಿಗೆ, ಬಹಿಷ್ಕಾರಗಳನ್ನು ಇದು ಪ್ರತ್ಯೇಕ ಅಪರಾಧಗಳೆಂದು ಗುರುತಿಸುತ್ತದೆ. ಅವುಗಳ ತಡೆ, ತನಿಖೆ, ವಿಚಾರಣೆ, ಶಿಕ್ಷೆ ಮತ್ತು ನೊಂದವರ ಪುನರ್ವಸತಿಗೂ ವ್ಯವಸ್ಥೆ ಮಾಡುತ್ತದೆ. 1989ರ 33ನೆಯ ಅಧಿನಿಯಮವಾದ ಇದಕ್ಕೆ ಆ ವರ್ಷದ ಸೆಪ್ಟೆಂಬರ್ 11ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು. 1990ರ ಜನವರಿ 30ರಿಂದ ಜಾರಿಗೆ ಬಂತು. ಇದರ ನಿಯಮಗಳು ಹೊರಬಂದದ್ದು ಐದು ವರ್ಷ ತಡವಾಗಿ, 1995ರ ಮಾರ್ಚ್ 31ರಂದು. 2015 ಮತ್ತು 2018ರಲ್ಲಿ ಕಾಯ್ದೆಗೆ ಮುಖ್ಯ ತಿದ್ದುಪಡಿಗಳಾದವು.

ಹೆಸರು ಮತ್ತು ಪರಿಭಾಷೆ

ಕನ್ನಡ ಪತ್ರಿಕೆಗಳಲ್ಲಿ ಇದು 'ದೌರ್ಜನ್ಯ ತಡೆ ಕಾಯ್ದೆ'. ಪೊಲೀಸ್ ಠಾಣೆ ಮತ್ತು ಊರಿನ ಮಾತಿನಲ್ಲಿ 'ಅಟ್ರಾಸಿಟಿ ಕೇಸು' ಅಥವಾ 'ಜಾತಿ ನಿಂದನೆ ಕೇಸು'. ಎರಡನೆಯ ಹೆಸರು ದಾರಿ ತಪ್ಪಿಸುವಂಥದ್ದು. ಈಗಿರುವ ಕಾಯ್ದೆಯ 3(1)ನೆಯ ಕಲಮಿನಲ್ಲಿ ಎ ಇಂದ ಜೆಡ್‌ಸಿ ತನಕ 29 ಬಗೆಯ ಕೃತ್ಯಗಳಿವೆ. ಸಾರ್ವಜನಿಕವಾಗಿ ಅವಮಾನಿಸುವುದು ಮತ್ತು ಜಾತಿ ಹೆಸರು ಹಿಡಿದು ಬಯ್ಯುವುದು ಅವುಗಳಲ್ಲಿ ಎರಡು ಮಾತ್ರ.

'ದೌರ್ಜನ್ಯ' ಎಂಬ ಪದಕ್ಕೆ ಕಾಯ್ದೆಯಲ್ಲಿ ವರ್ಣನೆ ಇಲ್ಲ. 3ನೆಯ ಕಲಮಿನಡಿ ಶಿಕ್ಷಾರ್ಹವಾದದ್ದು ದೌರ್ಜನ್ಯ ಎಂದಷ್ಟೇ 2ನೆಯ ಕಲಮು ಹೇಳುತ್ತದೆ. ಆರೋಪಿಯು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿರಬಾರದು ಎಂಬುದು ಮೂಲ ಷರತ್ತು. ಹಾಗಾಗಿ ಪರಿಶಿಷ್ಟ ಜಾತಿಗಳ ನಡುವೆಯೇ ನಡೆಯುವ ಹಲ್ಲೆಗಳಿಗೆ ಇದು ಅನ್ವಯಿಸದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂ, ಸಿಖ್ ಮತ್ತು ಬೌದ್ಧ ಧರ್ಮದವರಿಗೆ ಮಾತ್ರ ಇರುವುದರಿಂದ ದಲಿತ ಕ್ರೈಸ್ತರು ಕಾಯ್ದೆಯ ರಕ್ಷಣೆಯ ಹೊರಗೆ ಉಳಿಯುತ್ತಾರೆ. ಪರಿಶಿಷ್ಟ ಪಂಗಡಗಳಿಗೆ ಇಂಥ ಧರ್ಮದ ನಿರ್ಬಂಧ ಇಲ್ಲ.

ಸಮಾಜವಿಜ್ಞಾನದಲ್ಲಿ ಈ ಕಾಯ್ದೆಯನ್ನು 'ರಾಚನಿಕ ಹಿಂಸೆ'ಯ ತಡೆಗೆ ಉದಾಹರಣೆಯಾಗಿ ಅಧ್ಯಯನ ಮಾಡಬಹುದು. ನಾರ್ವೆಯ ಶಾಂತಿ ಅಧ್ಯಯನಕಾರ ಯೋಹಾನ್ ಗಾಲ್ಟುಂಗ್ 1969ರ ಪ್ರಬಂಧವೊಂದರಲ್ಲಿ ಈ ಪರಿಕಲ್ಪನೆಯನ್ನು ಬೆಳೆಸಿದರು. ಹೊಡೆಯುವ ಕೈ ಕಣ್ಣಿಗೆ ಕಂಡರೆ ಅದು ನೇರ ಹಿಂಸೆ. ಯಾರೊಬ್ಬರೂ ಕೈ ಎತ್ತದೆ, ಭೂಮಿ, ನೀರು, ಕೂಲಿ, ಅಧಿಕಾರಗಳ ಹಂಚಿಕೆಯಿಂದಲೇ ಒಂದು ಗುಂಪಿನ ಬದುಕು ಕುಗ್ಗಿದರೆ ಅದು ರಾಚನಿಕ ಹಿಂಸೆ. ಇದಕ್ಕೆ 'ರಚನಾತ್ಮಕ ಹಿಂಸೆ' ಎಂಬ ಪದವೂ ಬಳಕೆಯಾಗುವುದುಂಟು. ಆದರೆ ಕನ್ನಡದಲ್ಲಿ 'ರಚನಾತ್ಮಕ' ಎಂದರೆ ಒಳಿತನ್ನು ಕಟ್ಟುವಂಥದ್ದು ಎಂಬ ಅರ್ಥ ಬೇರೂರಿರುವುದರಿಂದ ಆ ರೂಪ ಇಲ್ಲಿ ಹೊಂದುವುದಿಲ್ಲ.

ಹಿನ್ನೆಲೆ

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅದನ್ನು ಜಾರಿಗೊಳಿಸಲು 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ದೇವಾಲಯ, ಹೋಟೆಲು, ಬಾವಿ, ಅಂಗಡಿಗಳಲ್ಲಿ ಪ್ರವೇಶ ನಿರಾಕರಿಸಿದವರಿಗೆ ಅದರಲ್ಲಿದ್ದ ಶಿಕ್ಷೆ ಹೆಚ್ಚೆಂದರೆ 6 ತಿಂಗಳ ಸೆರೆ, 500 ರೂಪಾಯಿ ದಂಡ, ಇಲ್ಲವೇ ಎರಡೂ. ಇಳಯಪೆರುಮಾಳ್ ನೇತೃತ್ವದ ಸಮಿತಿ 1969ರಲ್ಲಿ ಕೊಟ್ಟ ವರದಿಯ ಬಳಿಕ, 1976ರಲ್ಲಿ ಆ ಕಾಯ್ದೆಯನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂದು ಹೆಸರು ಬದಲಾಯಿಸಲಾಯಿತು. ರಾಜಿಗಿದ್ದ ಅವಕಾಶವನ್ನು ತೆಗೆಯಲಾಯಿತು. ಆ ಕಾಯ್ದೆ ಈಗಲೂ ಜಾರಿಯಲ್ಲಿದೆ. ಕರ್ನಾಟಕದಲ್ಲಿ ಕೊಳವೆ ಬಾವಿಯಿಂದ ದಲಿತರು ನೀರು ಹಿಡಿಯದಂತೆ ತಡೆದ ಪ್ರಕರಣದಲ್ಲಿ, ಅಪ್ಪಾ ಬಾಳು ಇಂಗಳೆ ಮೊಕದ್ದಮೆ ಎಂದು ಹೆಸರಾದ 1992ರ ತೀರ್ಪಿನ ಮೂಲಕ ಸುಪ್ರೀಂ ಕೋರ್ಟ್ ಅಸ್ಪೃಶ್ಯತೆಯ ವ್ಯಾಖ್ಯಾನ ಮಾಡಿದ್ದು ಇದೇ ಕಾಯ್ದೆಯಡಿ.

ಆದರೆ 1960ರ ದಶಕದಿಂದ ಹಿಂಸೆಯ ಸ್ವರೂಪವೇ ಬದಲಾಗಿತ್ತು. ಕೂಲಿ ಹೆಚ್ಚಿಸಿ ಎಂದು ಕೇಳಿದ, ಮಂಜೂರಾದ ಜಮೀನನ್ನು ಉಳಲು ಹೋದ, ಮತ ಹಾಕಿದ, ಕೆರೆಯ ನೀರಿನ ಬಗ್ಗೆ ಮಾತೆತ್ತಿದ ಕೇರಿಗಳ ಮೇಲೆ ಊರು ಗುಂಪಾಗಿ ಎರಗತೊಡಗಿತು. ತಮಿಳುನಾಡಿನ ಕೀಳ್‌ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರಂದು, ಕೂಲಿ ಹೋರಾಟದ ನಡುವೆ, ಒಂದೇ ಗುಡಿಸಲಿನಲ್ಲಿ ಅಡಗಿದ್ದ 44 ದಲಿತರು ಸುಟ್ಟು ಸತ್ತರು. ಬಿಹಾರದ ಬೆಲ್ಛಿಯಲ್ಲಿ 1977ರ ಮೇ 27ರಂದು 11 ಮಂದಿ ಕೊಲೆಯಾದರು. ಆಂಧ್ರದ ಕಾರಂಚೇಡಿನಲ್ಲಿ 1985ರ ಜುಲೈ 17ರಂದು 6 ಮಂದಿ ಮಾದಿಗರ ಹತ್ಯೆಯಾಯಿತು. ಕೇರಿಯವರು ಕುಡಿಯುವ ನೀರಿನಲ್ಲಿ ಎಮ್ಮೆ ತೊಳೆದದ್ದನ್ನು ಆಕ್ಷೇಪಿಸಿದ್ದು ಅಲ್ಲಿನ ಜಗಳದ ಮೂಲ. ಕರ್ನಾಟಕದ ದಲಿತ ಚಳವಳಿಯ ನೆನಪಿನಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಗೆ ಇದೇ ಬಗೆಯ ಸ್ಥಾನವಿದೆ. 1980ರ ದಶಕದಲ್ಲಿ ಅಲ್ಲಿ ದಲಿತರಿಗೆ ಮಲ ತಿನ್ನಿಸಿದ ಪ್ರಕರಣದ ವಿರುದ್ಧ ದಲಿತ ಸಂಘರ್ಷ ಸಮಿತಿ ದೊಡ್ಡ ಪ್ರತಿಭಟನೆ ನಡೆಸಿತು. 1989ರ ಕಾಯ್ದೆಯ ಪಟ್ಟಿಯಲ್ಲಿ ಮೊದಲನೆಯ ಅಪರಾಧವೇ ತಿನ್ನಬಾರದ್ದನ್ನು ತಿನ್ನಿಸುವುದು ಅಥವಾ ಕುಡಿಸುವುದು.

ಅಸ್ಪೃಶ್ಯತೆಯ ಕಾನೂನು ದೂರ ಇಡುವುದನ್ನು ಶಿಕ್ಷಿಸುತ್ತಿತ್ತು. ಹೊಸ ಹಿಂಸೆಯಾದರೋ ದೂರ ಇರಲು ಒಪ್ಪದವರ ಮೇಲಿನ ಪ್ರತೀಕಾರ. ಭಾರತೀಯ ದಂಡ ಸಂಹಿತೆಗೆ ಜಾತಿ ಕಾಣುತ್ತಿರಲಿಲ್ಲ. ಅದರ ದೃಷ್ಟಿಯಲ್ಲಿ ಇವು ಹೊಡೆದಾಟ, ಬೆಂಕಿ ಹಚ್ಚಿದ್ದು, ಕೊಲೆ. ಈ ಎರಡರ ನಡುವಿನ ತೆರಪನ್ನು ತುಂಬಲು ಬಂದದ್ದು 1989ರ ಕಾಯ್ದೆ.

ಅಪರಾಧಗಳ ಬಗೆಗಳು

3(1)ನೆಯ ಕಲಮಿನ ಕೃತ್ಯಗಳಿಗೆ ಸಾಮಾನ್ಯವಾಗಿ 6 ತಿಂಗಳಿಂದ 5 ವರ್ಷದವರೆಗೆ ಸೆರೆ ಮತ್ತು ದಂಡ ಇದೆ. ಪಟ್ಟಿ ಅಮೂರ್ತ ಪದಗಳಲ್ಲಿಲ್ಲ. ಒಂದು ಹಳ್ಳಿಯ ಬೀದಿಗಳನ್ನು ಸುತ್ತಿ ಬರೆದಂತಿದೆ.

ದೇಹ ಮತ್ತು ಮಾನಕ್ಕೆ ಸಂಬಂಧಿಸಿದವು: ಮನೆಯ ಮುಂದೆ ಹೇಲು, ಕಸ, ಸತ್ತ ದನ ತಂದು ಹಾಕುವುದು, ಚಪ್ಪಲಿ ಹಾರ ಹಾಕಿ ಮೆರವಣಿಗೆ ಮಾಡುವುದು, ಬಟ್ಟೆ ಬಿಚ್ಚಿಸುವುದು, ತಲೆ ಅಥವಾ ಮೀಸೆ ಬೋಳಿಸುವುದು, ಮುಖಕ್ಕೆ ಮಸಿ ಬಳಿಯುವುದು, ಮಾಟಗಾತಿ ಎಂದು ಹೊರಿಸಿ ಹಿಂಸಿಸುವುದು. ಮಹಿಳೆಯ ಒಪ್ಪಿಗೆಯಿಲ್ಲದೆ ಲೈಂಗಿಕ ಉದ್ದೇಶದಿಂದ ಮುಟ್ಟುವುದು, ಅಂಥ ಮಾತು ಮತ್ತು ಸನ್ನೆ ಪ್ರತ್ಯೇಕ ಅಪರಾಧ.

ದುಡಿಮೆ ಮತ್ತು ಆಸ್ತಿಗೆ ಸಂಬಂಧಿಸಿದವು ಅಷ್ಟೇ ಮುಖ್ಯ, ಆದರೂ ಸಾರ್ವಜನಿಕ ಚರ್ಚೆಯಲ್ಲಿ ಇವುಗಳ ಹೆಸರು ಕೇಳಿಬರುವುದು ಕಡಿಮೆ. ಜಮೀನನ್ನು ಕಬಳಿಸುವುದು, ಅಲ್ಲಿಂದ ಎಬ್ಬಿಸುವುದು, ಬೆಳೆ ನಾಶ ಮಾಡುವುದು ಅಥವಾ ಕೊಯ್ದುಕೊಂಡು ಹೋಗುವುದು, ಬಿಟ್ಟಿ ಮತ್ತು ಜೀತ ಮಾಡಿಸುವುದು, ಸತ್ತ ದನ ಸಾಗಿಸಲು ಅಥವಾ ಹೆಣ ಹೂಳುವ ಗುಂಡಿ ತೋಡಲು ಬಲವಂತ ಮಾಡುವುದು, ಮಲ ಹೊರಿಸುವುದು, ದೇವದಾಸಿ ಬಿಡುವುದು ಈ ಗುಂಪಿಗೆ ಸೇರುತ್ತವೆ. ಕೊನೆಯದನ್ನು ಕರ್ನಾಟಕ 1982ರಲ್ಲೇ ತನ್ನದೇ ಕಾಯ್ದೆಯಿಂದ ನಿಷೇಧಿಸಿತ್ತು.

ರಾಜಕೀಯ ಹಿಂಸೆ ಮೂರು ಬಗೆಯಲ್ಲಿ ಬರುತ್ತದೆ. ಮತ ಹಾಕದಂತೆ ಅಥವಾ ನಾಮಪತ್ರ ಸಲ್ಲಿಸದಂತೆ ತಡೆಯುವುದು ಒಂದು. ಪಂಚಾಯಿತಿ ಅಥವಾ ನಗರಸಭೆಯ ಸದಸ್ಯರು, ಅಧ್ಯಕ್ಷರು ಕೆಲಸ ಮಾಡದಂತೆ ಅಡ್ಡಿಪಡಿಸುವುದು ಎರಡು. ಮತದಾನ ಮುಗಿದ ಮೇಲೆ ಸೇಡು ತೀರಿಸಿಕೊಳ್ಳುವುದು ಮೂರು. ಎರಡನೆಯದು 2015ರಲ್ಲಿ ಸೇರಿತು. ಸಂವಿಧಾನದ 73ನೆಯ ತಿದ್ದುಪಡಿಯ ಬಳಿಕ ಪಂಚಾಯಿತಿಗಳಲ್ಲಿ ಮೀಸಲಾತಿ ಬಂದಾಗ ಅಧಿಕಾರದ ಕುರ್ಚಿಯೇ ಜಗಳದ ಜಾಗವಾಯಿತು. ತಮಿಳುನಾಡಿನ ಮೇಲವಳವಿನಲ್ಲಿ ಪಂಚಾಯಿತಿ ಅಧ್ಯಕ್ಷರಾಗಿದ್ದ ದಲಿತ ಮುಖಂಡ ಮುರುಗೇಶನ್ ಅವರನ್ನು 1997ರ ಜೂನ್ 30ರಂದು, ಬಸ್ಸಿನಲ್ಲಿ ಬರುತ್ತಿದ್ದಾಗ, ಜತೆಗಿದ್ದವರ ಸಮೇತ ಕೊಂದರು.

ಸಾರ್ವಜನಿಕ ಜಾಗ ಮತ್ತು ಆಚರಣೆಗೆ ಸಂಬಂಧಿಸಿದ ಉಪಕಲಮು ಜೆಡ್‌ಎ. ಸ್ಮಶಾನ, ಕೆರೆ, ಬಾವಿ, ರಸ್ತೆ ಬಳಸದಂತೆ ತಡೆಯುವುದು, ಸೈಕಲ್ ಅಥವಾ ಬೈಕ್ ಏರಿ ಹೋಗಬಾರದು, ಚಪ್ಪಲಿ ಮೆಟ್ಟಬಾರದು, ಹೊಸ ಬಟ್ಟೆ ತೊಡಬಾರದು, ಮದುವೆ ದಿಬ್ಬಣ ಕೊಂಡೊಯ್ಯಬಾರದು, ಕುದುರೆ ಏರಬಾರದು ಎಂದು ಅಡ್ಡಗಟ್ಟುವುದು ಇದರಲ್ಲಿವೆ. ಜೆಡ್‌ಸಿ ಉಪಕಲಮು ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರದ್ದು. ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ಹಿಟ್ಟಿನ ಗಿರಣಿ ಮತ್ತು ಕ್ಷೌರದಂಗಡಿ ಮುಚ್ಚುವುದು, ಕೂಲಿಗೆ ಕರೆಯದಿರುವುದು ಇದರ ರೂಢಿಯ ರೂಪಗಳು. ಹಲ್ಲೆಯ ದೂರು ಕೊಟ್ಟ ಮರುದಿನವೇ ಬಹಿಷ್ಕಾರ ಶುರುವಾಗುವುದುಂಟು. ಇದರಲ್ಲಿ ಗಾಯದ ಗುರುತಾಗಲಿ ಆಯುಧವಾಗಲಿ ಇರುವುದಿಲ್ಲ. ಆದ್ದರಿಂದ ಸಾಬೀತು ಮಾಡಲು ಅತ್ಯಂತ ಕಷ್ಟದ ಅಪರಾಧಗಳಲ್ಲಿ ಇದೂ ಒಂದು.

3(2)ನೆಯ ಕಲಮು ಗಂಭೀರ ಅಪರಾಧಗಳಿಗೆ. ದಂಡ ಸಂಹಿತೆಯಲ್ಲಿ 10 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯುಳ್ಳ ಕೃತ್ಯವನ್ನು, ನೊಂದವರು ಪರಿಶಿಷ್ಟರು ಎಂದು ತಿಳಿದು ಎಸಗಿದರೆ ಜೀವಾವಧಿ ಶಿಕ್ಷೆ. 2015ರವರೆಗೆ ಇಲ್ಲಿ 'ಪರಿಶಿಷ್ಟರು ಎಂಬ ಕಾರಣಕ್ಕಾಗಿ' ಎಂಬ ಮಾತಿತ್ತು. ಜಾತಿಯೇ ಕಾರಣ ಎಂದು ತೋರಿಸಲಾಗದೆ ಅನೇಕ ಪ್ರಕರಣಗಳು ಕಾಯ್ದೆಯ ಕೈ ತಪ್ಪಿದ್ದರಿಂದ 'ತಿಳಿದು' ಎಂಬ ಮಾತು ಬಂತು.

4ನೆಯ ಕಲಮು ಸರ್ಕಾರಿ ನೌಕರರಿಗೆ ಸಂಬಂಧಿಸಿದ್ದು. ಎಫ್‌ಐಆರ್ ದಾಖಲಿಸದ, ದೂರನ್ನು ಓದಿ ಹೇಳದ, ಹೊತ್ತಿಗೆ ತನಿಖೆ ಮುಗಿಸದ ಅಧಿಕಾರಿಗೆ 6 ತಿಂಗಳಿಂದ 1 ವರ್ಷ ಸೆರೆ. ಆದರೆ ಇಲಾಖಾ ವಿಚಾರಣೆಯ ಶಿಫಾರಸಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎಂಬ ಷರತ್ತು ಜೊತೆಗಿದೆ. ಈ ಕಲಮಿನ ಬಳಕೆ ತೀರ ವಿರಳ.

ಮುನ್ನೆಚ್ಚರಿಕೆಯ ಕ್ರಮಗಳು

ಕಾಯ್ದೆಯ ಹೆಸರಿನಲ್ಲಿರುವ ಪದ 'ತಡೆ'. ಅದಕ್ಕೆ ಆಧಾರವಾದ ಕಲಮುಗಳು 10, 16, 17 ಮತ್ತು 21, ನಿಯಮಗಳಲ್ಲಿ 3ನೆಯದು. ಕಾಯ್ದೆಯ ಅತ್ಯಂತ ಸ್ವಂತಿಕೆಯ ಭಾಗ ಇದು, ಅತ್ಯಂತ ಕಡಿಮೆ ಓದಲ್ಪಡುವ ಭಾಗವೂ ಇದೇ.

17ನೆಯ ಕಲಮಿನಂತೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗದ ದಂಡಾಧಿಕಾರಿ ಅಥವಾ ಡಿವೈಎಸ್‌ಪಿ ದರ್ಜೆಗಿಂತ ಕೆಳಗಲ್ಲದ ಪೊಲೀಸ್ ಅಧಿಕಾರಿ, ಮಾಹಿತಿ ಬಂದ ಕೂಡಲೇ ಒಂದು ಪ್ರದೇಶವನ್ನು ದೌರ್ಜನ್ಯ ಸಂಭವಿಸಬಹುದಾದ ಪ್ರದೇಶ ಎಂದು ಘೋಷಿಸಿ ಕ್ರಮ ಕೈಗೊಳ್ಳಬಹುದು. 10ನೆಯ ಕಲಮಿನಡಿ ಅಂಥ ಪ್ರದೇಶದಲ್ಲಿ ಅಪರಾಧ ಎಸಗುವ ಸಂಭವವಿರುವ ವ್ಯಕ್ತಿಯನ್ನು ವಿಶೇಷ ನ್ಯಾಯಾಲಯ 3 ವರ್ಷದವರೆಗೆ ಗಡಿಪಾರು ಮಾಡಬಹುದು. 16ನೆಯ ಕಲಮು ಊರಿನ ಮೇಲೆ ಸಾಮೂಹಿಕ ದಂಡ ವಿಧಿಸುವ ಅಧಿಕಾರವನ್ನು ನಾಗರಿಕ ಹಕ್ಕುಗಳ ಕಾಯ್ದೆಯಿಂದ ಎರವಲು ಪಡೆದಿದೆ.

3ನೆಯ ನಿಯಮ ರಾಜ್ಯ ಸರ್ಕಾರದ ಕೆಲಸಗಳನ್ನು ವಿವರಿಸುತ್ತದೆ: ಅಪಾಯದ ಊರುಗಳನ್ನು ಗುರುತಿಸುವುದು, ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಅಲ್ಲಿಗೆ ಖುದ್ದು ಹೋಗಿ ಪರಿಸ್ಥಿತಿ ನೋಡುವುದು, ವಿಶೇಷ ಪೊಲೀಸ್ ಪಡೆ ಇಡುವುದು. ಬಂದೂಕಿನ ಪರವಾನಗಿಗಳ ವಿಷಯದಲ್ಲಿ ನಿಯಮ ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಅಪಾಯದ ಊರಿನ ಇತರ ಸಮುದಾಯದವರ ಪರವಾನಗಿ ರದ್ದುಪಡಿಸಬಹುದು. ಅಗತ್ಯವೆನಿಸಿದರೆ ಪರಿಶಿಷ್ಟರಿಗೆ ಪರವಾನಗಿ ಕೊಡಬಹುದು.

ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ಮಟ್ಟದ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಜನವರಿ ಮತ್ತು ಜುಲೈನಲ್ಲಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ರಾಜ್ಯಗಳ ಕ್ರಮಗಳ ವರದಿಯನ್ನು ಕೇಂದ್ರ ಸರ್ಕಾರ ಪ್ರತಿ ವರ್ಷ ಸಂಸತ್ತಿನಲ್ಲಿ ಮಂಡಿಸಬೇಕು.

ತನಿಖೆ, ವಿಚಾರಣೆ ಮತ್ತು ಪರಿಹಾರ

ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. 60 ದಿನಗಳಲ್ಲಿ ಮುಗಿಸಬೇಕು. ದೋಷಾರೋಪ ಪಟ್ಟಿ ಸಲ್ಲಿಕೆಯಾದ 2 ತಿಂಗಳಲ್ಲಿ ವಿಚಾರಣೆ, ಮೇಲ್ಮನವಿಯಾದರೆ ಹೈಕೋರ್ಟಿನಲ್ಲಿ 3 ತಿಂಗಳಲ್ಲಿ ತೀರ್ಮಾನ ಎಂಬುದು ಕಾಯ್ದೆಯ ನಿರೀಕ್ಷೆ. 18ನೆಯ ಕಲಮಿನಂತೆ ನಿರೀಕ್ಷಣಾ ಜಾಮೀನು ಇಲ್ಲ. 2015ರಲ್ಲಿ ಸೇರಿದ 15ಎ ಕಲಮು ನೊಂದವರು ಮತ್ತು ಸಾಕ್ಷಿಗಳ ಹಕ್ಕುಗಳನ್ನು ಪಟ್ಟಿ ಮಾಡಿತು. ಜಾಮೀನು ಅರ್ಜಿಯ ವಿಚಾರಣೆಯಲ್ಲಿ ನೊಂದವರ ಮಾತನ್ನೂ ಕೇಳಬೇಕು. ಇದನ್ನು ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹರಿರಾಮ್ ಭಾಂಭಿ ಪ್ರಕರಣದಲ್ಲಿ ಹೇಳಿತು.

2016ರ ನಿಯಮಗಳು ಅಪರಾಧಕ್ಕೆ ತಕ್ಕಂತೆ 85,000 ರೂಪಾಯಿಯಿಂದ 8.25 ಲಕ್ಷ ರೂಪಾಯಿವರೆಗೆ ಪರಿಹಾರ ನಿಗದಿಪಡಿಸಿದವು. ಹಣವನ್ನು ಕಂತುಗಳಲ್ಲಿ, ಪ್ರಕರಣದ ಹಂತಕ್ಕೆ ತಕ್ಕಂತೆ ಕೊಡಲಾಗುತ್ತದೆ. ಕೊಲೆಯಾದವರ ಕುಟುಂಬಕ್ಕೆ ಪಿಂಚಣಿ, ನೌಕರಿ ಅಥವಾ ಜಮೀನಿನ ಅವಕಾಶವೂ ಇದೆ.

ನ್ಯಾಯಾಲಯಗಳಲ್ಲಿ ಕಾಯ್ದೆ

ನಿರೀಕ್ಷಣಾ ಜಾಮೀನಿನ ನಿಷೇಧವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ರಾಮಕೃಷ್ಣ ಬಲೋಥಿಯಾ ಪ್ರಕರಣದಲ್ಲಿ ಎತ್ತಿಹಿಡಿಯಿತು. 2018ರ ಮಾರ್ಚ್ 20ರ ಸುಭಾಷ್ ಕಾಶಿನಾಥ್ ಮಹಾಜನ್ ತೀರ್ಪು ಬೇರೆ ದಾರಿ ಹಿಡಿಯಿತು. ಕಾಯ್ದೆಯ ದುರ್ಬಳಕೆಯಾಗುತ್ತಿದೆ ಎಂದ ದ್ವಿಸದಸ್ಯ ಪೀಠ, ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ನಡೆಸಬಹುದು, ಬಂಧನಕ್ಕೆ ಮೇಲಧಿಕಾರಿಯ ಒಪ್ಪಿಗೆ ಬೇಕು, ಮೇಲ್ನೋಟಕ್ಕೆ ಹುರುಳಿಲ್ಲದ ಪ್ರಕರಣದಲ್ಲಿ ನಿರೀಕ್ಷಣಾ ಜಾಮೀನು ಕೊಡಬಹುದು ಎಂದಿತು. ಏಪ್ರಿಲ್ 2ರಂದು ದಲಿತ ಸಂಘಟನೆಗಳು ಭಾರತ್ ಬಂದ್ ನಡೆಸಿದವು. ಉತ್ತರದ ರಾಜ್ಯಗಳಲ್ಲಿ ಸಾವುಗಳಾದವು. ಅದೇ ವರ್ಷದ ಆಗಸ್ಟಿನಲ್ಲಿ ಸಂಸತ್ತು 18ಎ ಕಲಮನ್ನು ಸೇರಿಸಿ ಹಳೆಯ ಸ್ಥಿತಿಯನ್ನು ಮರಳಿ ತಂದಿತು. 2019ರ ಅಕ್ಟೋಬರ್ 1ರಂದು ಮರುಪರಿಶೀಲನಾ ಪೀಠ ಆ ನಿರ್ದೇಶನಗಳನ್ನು ಹಿಂಪಡೆಯಿತು. 2020ರ ಫೆಬ್ರುವರಿ 10ರಂದು ಪೃಥ್ವಿರಾಜ್ ಚೌಹಾಣ್ ಪ್ರಕರಣದಲ್ಲಿ 18ಎ ಸಿಂಧು ಎಂದಾಯಿತು. ದುರ್ಬಳಕೆಯ ವಾದಕ್ಕೆ ಖುಲಾಸೆಗಳ ಸಂಖ್ಯೆಯನ್ನು ಆಧಾರವಾಗಿ ಕೊಡುವುದುಂಟು. ಖುಲಾಸೆ ಎಂದರೆ ಸುಳ್ಳು ದೂರು ಎಂದೇ ಅರ್ಥವಲ್ಲ. ಸಾಕ್ಷಿ ತಿರುಗಿ ಬಿದ್ದರೂ, ತನಿಖೆ ಕೆಟ್ಟರೂ ಅದೇ ಫಲ.

ಆಂಧ್ರದ ಚುಂಡೂರಿನಲ್ಲಿ 1991ರ ಆಗಸ್ಟ್ 6ರಂದು 8 ದಲಿತರ ಹತ್ಯೆಯಾದಾಗ ವಿಶೇಷ ನ್ಯಾಯಾಲಯವನ್ನು ಆ ಊರಿನಲ್ಲೇ ಕೂರಿಸಲಾಯಿತು. 2007ರಲ್ಲಿ 21 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. 2014ರಲ್ಲಿ ಹೈಕೋರ್ಟ್ ಎಲ್ಲರನ್ನೂ ಬಿಡುಗಡೆ ಮಾಡಿತು. ಮಹಾರಾಷ್ಟ್ರದ ಖೈರ್‌ಲಾಂಜಿಯಲ್ಲಿ 2006ರಲ್ಲಿ ಒಂದೇ ಕುಟುಂಬದ ನಾಲ್ವರನ್ನು ಕೊಂದ ಪ್ರಕರಣದಲ್ಲಿ ಕೊಲೆ ಸಾಬೀತಾಯಿತು, ಆದರೆ ಜಾತಿ ಕಾರಣ ಎಂಬುದನ್ನು ನ್ಯಾಯಾಲಯ ಒಪ್ಪಲಿಲ್ಲ.

'ಸಾರ್ವಜನಿಕರ ಕಣ್ಣಿಗೆ ಬೀಳುವಂತೆ' ಎಂಬ ಮಾತು ಅವಮಾನದ ಪ್ರಕರಣಗಳಲ್ಲಿ ನಿರ್ಣಾಯಕ. ಹೊರಗಿನ ಸಾಕ್ಷಿಗಳಿಲ್ಲದೆ ಮನೆಯ ನಾಲ್ಕು ಗೋಡೆಗಳ ಒಳಗೆ ಆಡಿದ ಮಾತು ಅಪರಾಧವಾಗದು ಎಂದು 2020ರ ಹಿತೇಶ್ ವರ್ಮಾ ತೀರ್ಪು ಹೇಳಿತು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಈ ಕಾಯ್ದೆಯ ಮೇಲ್ವಿಚಾರಣೆಗೆ ಪೊಲೀಸ್ ಇಲಾಖೆಯ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ. ಬಹುಕಾಲ ಇದು ಸಾಮಾನ್ಯ ಠಾಣೆಗಳ ತನಿಖೆಯ ಮೇಲೆ ಕಣ್ಣಿಡುವ ಸಂಸ್ಥೆಯಾಗಿತ್ತು. 2025ರಲ್ಲಿ ಇದಕ್ಕೆ ತನ್ನದೇ ಠಾಣೆಗಳು ದೊರೆತವು.

ಭೂಮಿಯ ವಿಷಯದಲ್ಲಿ ಕರ್ನಾಟಕಕ್ಕೆ ಕೇಂದ್ರ ಕಾಯ್ದೆಗಿಂತ ಹಳೆಯ ಉಪಕರಣವಿದೆ. 1978ರ ಪಿಟಿಸಿಎಲ್ ಕಾಯ್ದೆ, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ಅಸಿಂಧುಗೊಳಿಸಿ, ಉಪವಿಭಾಗಾಧಿಕಾರಿಯ ಮೂಲಕ ಮೂಲ ಮಂಜೂರುದಾರರಿಗೆ ಮರಳಿ ಕೊಡಿಸುತ್ತದೆ. ಹೊತ್ತು ಮೀರಿ ಬಂದ ಅರ್ಜಿಗಳನ್ನು ಒಪ್ಪಲಾಗದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಹೇಳಿದ ಮೇಲೆ, ಕಾಲಮಿತಿಯ ತೊಡಕು ನಿವಾರಿಸಲು 2023ರಲ್ಲಿ ತಿದ್ದುಪಡಿ ತರಲಾಯಿತು.

ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ, ದೇವಾಲಯ ಪ್ರವೇಶದ ಬೆನ್ನಿಗೆ, 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ದಲಿತರು ಬೆಂಕಿಗೆ ಬಲಿಯಾದರು. ಮುಖ್ಯ ಸಾಕ್ಷಿಗಳು ತಿರುಗಿ ಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದಕ್ಕೆ ವ್ಯತಿರಿಕ್ತವಾದದ್ದು ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟಿನಲ್ಲಿ ಅಲ್ಲಿನ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 101 ಮಂದಿಯನ್ನು ಶಿಕ್ಷಿಸಿತು. ಅವರಲ್ಲಿ 98 ಮಂದಿಗೆ ಜೀವಾವಧಿ. ಬಳಿಕ ಪ್ರಕರಣ ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋಯಿತು. ಎರಡು ತಿಂಗಳ ವಿಚಾರಣೆ ಎಂದು ಕಾಯ್ದೆ ಬಯಸುವಲ್ಲಿ ಮೊದಲ ತೀರ್ಪಿಗೆ ಹತ್ತು ವರ್ಷ ಹಿಡಿದಿತ್ತು.

ಈಗಿನ ಸ್ಥಿತಿ

2022ರ ಕೇಂದ್ರ ವರದಿಯ ಪ್ರಕಾರ, ಪರಿಶಿಷ್ಟ ಜಾತಿಯವರ ಮೇಲಿನ ದೌರ್ಜನ್ಯಕ್ಕಾಗಿ ಈ ಕಾಯ್ದೆಯಡಿ ಆ ವರ್ಷ 51,656 ಪ್ರಕರಣಗಳು ದಾಖಲಾದವು. ಶಿಕ್ಷೆಯ ಪ್ರಮಾಣ 2020ರಲ್ಲಿ ಶೇ 39.2 ಇದ್ದದ್ದು 2022ರಲ್ಲಿ ಶೇ 32.4ಕ್ಕೆ ಇಳಿಯಿತು. 14 ರಾಜ್ಯಗಳ 498 ಜಿಲ್ಲೆಗಳ ಪೈಕಿ ವಿಶೇಷ ನ್ಯಾಯಾಲಯ ಇದ್ದದ್ದು 194ರಲ್ಲಿ ಮಾತ್ರ. ದಾಖಲಾದ ಸಂಖ್ಯೆ ಹೆಚ್ಚಾದರೆ ಹಿಂಸೆಯೇ ಹೆಚ್ಚಾಯಿತೋ, ದೂರು ಕೊಡುವ ಧೈರ್ಯ ಹೆಚ್ಚಾಯಿತೋ ಎಂಬುದನ್ನು ಈ ಅಂಕಿಗಳಷ್ಟೇ ಹೇಳಲಾರವು.

ದೂರು ದಾಖಲಾಗುವ ಹೊತ್ತಿಗೆ ಎದುರು ಕಡೆಯವರ ಪ್ರತಿದೂರು ಸಿದ್ಧವಾಗಿರುವುದು, ರಾಜಿ ಪಂಚಾಯಿತಿಯ ಒತ್ತಡ, ಸಾಕ್ಷ್ಯವಿಲ್ಲವೆಂದು ಪೊಲೀಸರು ಬಿ ರಿಪೋರ್ಟ್ ಸಲ್ಲಿಸುವುದು ಪ್ರಕರಣಗಳು ಕುಸಿಯುವ ಪರಿಚಿತ ಹಾದಿಗಳು. ಸಾಕ್ಷಿಗಳು ಆರೋಪಿಗಳ ಹೊಲದಲ್ಲೇ ಕೂಲಿ ಮಾಡುವವರಾಗಿದ್ದಾಗ 15ಎ ಕಲಮಿನ ರಕ್ಷಣೆ ಠಾಣೆಯ ಬಾಗಿಲಿನಾಚೆ ತಲುಪುವುದು ಕಷ್ಟ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದದ್ದರಿಂದ 3(2)ನೆಯ ಕಲಮನ್ನು ಈಗ ಅದರೊಂದಿಗೆ ಓದಬೇಕಾಗಿದೆ. ಹೊಸ ಪ್ರಶ್ನೆಗಳು ಬರುತ್ತಿರುವುದು ಫೋನಿನ ಪರದೆಯಿಂದ. ಅಂತರ್ಜಾಲದಲ್ಲಿ ಹಾಕಿದ ನಿಂದನೆಯೂ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದೇ, ನೊಂದವರು ಎದುರಿಗೆ ಇರಬೇಕಾಗಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. ಪರಿಶಿಷ್ಟ ಜಾತಿಯ ವ್ಯಕ್ತಿಯೊಬ್ಬರನ್ನು ಅವಮಾನಿಸಿದ ಮಾತ್ರಕ್ಕೆ, ಜಾತಿಯ ಸಂಬಂಧವಿಲ್ಲದೆ, ಅಪರಾಧವಾಗದು ಎಂದು ಸುಪ್ರೀಂ ಕೋರ್ಟ್ 2024ರ ಶಾಜನ್ ಸ್ಕಾರಿಯಾ ಪ್ರಕರಣದಲ್ಲಿ ತೀರ್ಮಾನಿಸಿತು. ಆ ಪ್ರಕರಣ ಹುಟ್ಟಿದ್ದೂ ಯೂಟ್ಯೂಬ್ ವಿಡಿಯೊ ಒಂದರಿಂದಲೇ.